ಬಾಗಿಲು ತೆರೆದಿದೆ, ಕಡತ ಮುಚ್ಚಿದೆ

ಸಿವಿಲ್ ಕೋರ್ಟಿನ ಹಾಲಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಲು ಯಾರ ಅಪ್ಪಣೆಯೂ ಬೇಡ. ಕೇಸು ಇರಬೇಕೆಂದಿಲ್ಲ. ಬಸ್ಸಿಗೆ ಇನ್ನೂ ಒಂದು ತಾಸಿದೆ ಅಂತ ಹೋಗಿ ಕೂತರೂ ಸೈ. ಸಿವಿಲ್ ಪ್ರೊಸೀಜರ್ ಕೋಡಿಗೆ 1976ರ ತಿದ್ದುಪಡಿಯಲ್ಲಿ ಸೇರಿದ 153-ಬಿ ಕಲಂ ಇದನ್ನೇ ಹೇಳುತ್ತದೆ: ದಾವೆ ನಡೆಯುವ ಜಾಗ ತೆರೆದ ನ್ಯಾಯಾಲಯ, ಹಿಡಿಸುವಷ್ಟು ಜನ ಬರಬಹುದು. ಬೇಕೆನಿಸಿದರೆ ಜಡ್ಜ್ ಸಾಹೇಬರು ಜನರನ್ನು ಹೊರಗೆ ಕಳಿಸಬಹುದು, ಅದೂ ಅದೇ ಕಲಮಿನಲ್ಲಿದೆ. ಹಿಂದೂ ವಿವಾಹ ಕಾಯ್ದೆಯಡಿ ಬರುವ ಗಂಡ-ಹೆಂಡಿರ ವ್ಯಾಜ್ಯವಂತೂ ಮುಚ್ಚಿದ ಬಾಗಿಲ ಹಿಂದೆಯೇ ನಡೆಯಬೇಕು. ಅದಕ್ಕೆ ಯಾರ ತಕರಾರೂ ಇಲ್ಲ.

ತಕರಾರು ಇರೋದು ಕಾಗದದ್ದು.

2010ರಲ್ಲಿ ಗುಜರಾತಿನಲ್ಲೊಬ್ಬರು ಹೈಕೋರ್ಟಿನ ಎರಡು ಸಿವಿಲ್ ಅರ್ಜಿಗಳ ಕಾಗದಪತ್ರ ಬೇಕೆಂದು ಮಾಹಿತಿ ಹಕ್ಕಿನಡಿ ಕೇಳಿದರು. ಮಾಹಿತಿ ಹಕ್ಕಿನಲ್ಲಿ ಯಾಕೆ ಬೇಕು ಅಂತ ಕೇಳುವ ಹಾಗಿಲ್ಲ. ಹೈಕೋರ್ಟು ಒಪ್ಪಲಿಲ್ಲ. ಪಕ್ಷಗಾರರಲ್ಲದವರು ನಮ್ಮ ನಿಯಮದಂತೆ ಅರ್ಜಿ ಹಾಕಲಿ, ಕಾರಣ ತಿಳಿಸಿ ಅಫಿಡವಿಟ್ ಕೊಡಲಿ ಅಂದಿತು. ಹತ್ತು ವರ್ಷ ಎಳೆದಾಡಿ 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು. ಕೋರ್ಟಿಗೆ ಅದರದೇ ದಾರಿ ಇರುವಾಗ ಮಾಹಿತಿ ಹಕ್ಕಿನ ದಾರಿ ಹಿಡಿಯುವಂತಿಲ್ಲ ಎಂಬುದು ತೀರ್ಪಿನ ಸಾರ. ಕಿವಿಯಿಂದ ಕೇಳಿದ್ದಕ್ಕೆ ಕಾರಣ ಬೇಡ, ಕೈಯಲ್ಲಿ ಹಿಡಿಯುವುದಕ್ಕೆ ಬೇಕು!

ನಮಗೇನ್ರೀ ಅದರಿಂದ, ಅಂತೀರಾ? ಅಂಗಡಿಯವರೊಬ್ಬರು ಇಪ್ಪತ್ತು ವರ್ಷ ಗಲ್ಲಾ ಪೆಟ್ಟಿಗೆಯಲ್ಲಿ ಕೂಡಿಟ್ಟು ಸೈಟು ಕೊಳ್ಳುತ್ತಾರೆ ಅಂತಿಟ್ಟುಕೊಳ್ಳಿ. ಇಸಿ ತೆಗೆಸಿದರು, ಸ್ವಚ್ಛ. ಇಸಿಯಲ್ಲಿ ಬರೋದು ನೋಂದಣಿಯಾದ ಪತ್ರಗಳು. ಮಾರಿದವನ ತಂಗಿ ಹೂಡಿದ ಪಾಲಿನ ದಾವೆ ಅದರಲ್ಲಿ ಕಾಣುವ ಪೈಕಿಯಲ್ಲ. ದಾವೆ ನಡೆಯುತ್ತಿರುವಾಗ ಕೊಂಡವರಿಗೆ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂ ಕಾದಿರುತ್ತದೆ. ಕೊನೆಗೆ ಬರುವ ಡಿಕ್ರಿ ಕೊಂಡವರಿಗೂ ಅಂಟುತ್ತದೆ. ಗೊತ್ತಿರಲಿಲ್ಲ ಸ್ವಾಮಿ ಅಂದರೆ ನಡೆಯೋದಿಲ್ಲ. ತನ್ನನ್ನೂ ಪಕ್ಷಗಾರನಾಗಿ ಸೇರಿಸಿ ಅಂತ ಅರ್ಜಿ ಹಿಡಿದು ಅದೇ ಕೋರ್ಟಿನ ಮೆಟ್ಟಿಲು ಹತ್ತಬೇಕು.

ಕೋರ್ಟೇನೂ ಇದನ್ನು ಬಚ್ಚಿಟ್ಟಿರಲಿಲ್ಲ, ನಿಜ. ಕೇಸನ್ನು ಹಾಲಿನಲ್ಲಿ ಎಲ್ಲರೆದುರೇ ಕೂಗಿರುತ್ತಾರೆ. ಈಗ ಇ-ಕೋರ್ಟ್ಸ್ ಜಾಲತಾಣದಲ್ಲೂ ಪುಕ್ಕಟೆ ಹುಡುಕಬಹುದು. ಮುಂದಿನ ತಾರೀಖು, ಆದೇಶ ಎಲ್ಲ ಸಿಗುತ್ತದೆ. ಆದರೆ ಅದು ಕೇಳೋದು ಪಕ್ಷಗಾರರ ಹೆಸರು, ಯಾವ ವರ್ಷದ ಕೇಸು ಅಂತ. ಸೈಟು ಕೊಳ್ಳುವವನಿಗೆ ಗೊತ್ತಿರೋದು ಮಾರುವವನ ಹೆಸರೊಂದೇ. ದಾವೆಯಲ್ಲಿ ಮೊದಲ ಹೆಸರು ತಂಗಿಯದು, ಅದೂ ಗಂಡನ ಮನೆಯ ಇನಿಷಿಯಲ್ ಜೊತೆಗೆ.

ಹಾಗಾಗಿ ಮುಂಗಡ ಕೊಡುವ ಮುನ್ನ ಇಸಿಯ ಜೊತೆಗೆ ವಂಶವೃಕ್ಷವನ್ನೂ ಕೇಳಿ ಪಡೆಯಬೇಕು. ಅಪ್ಪ, ಅಣ್ಣತಮ್ಮ, ಅಕ್ಕತಂಗಿ ಒಬ್ಬೊಬ್ಬರ ಹೆಸರನ್ನೂ ವರ್ಷವಾರು ಹಾಕಿ ನೋಡಬೇಕು, ಇಲ್ಲವೇ ಸ್ಥಳೀಯ ವಕೀಲರಿಂದ ನೋಡಿಸಬೇಕು. ಒಂದು ಪೂರಾ ದಿನದ ಕೆಲಸ. ವಂಶವೃಕ್ಷ ಕೊಡಲು ಮಾರುವವನು ಹಿಂದೆಮುಂದೆ ನೋಡಿದರೆ, ಅವತ್ತು ದುಡ್ಡನ್ನು ಬ್ಯಾಂಕಿನಲ್ಲೇ ಬಿಟ್ಟು ಬರೋದು ವಾಸಿ.