ಮರಳ ದಂಡೆಯಲ್ಲಿ ಮಣ್ಣಿನ ಮಾತು

ಆಷಾಢದ ಗಾಳಿ ಎದ್ದಿತೆಂದರೆ ದರ್ಗಾ ಹೊನ್ನೂರಿನಲ್ಲಿ ಬಾಗಿಲು ತೆರೆದಿಟ್ಟು ಊಟಕ್ಕೆ ಕೂರುವಂತಿಲ್ಲ. ಹಗರಿ ನದಿಯ ಒಣ ಪಾತ್ರದಿಂದ ಎದ್ದ ನುಣ್ಣನೆಯ ಮರಳು ಹೊಸ್ತಿಲು ದಾಟಿ ಬರುತ್ತದೆ. ಒರಳು, ಬಿಂದಿಗೆ, ತೊಟ್ಟಿಲು ಯಾವುದನ್ನೂ ಬಿಡುವುದಿಲ್ಲ. ಊರಾಚೆ ನಿಂತರೆ ಕಣ್ಣೆದುರಿಗೇ ದಿಬ್ಬಗಳು. ಗಾಳಿ ಬೀಸಿದತ್ತ ಗೀರುಗೀರಾಗಿ ಅಲೆ ಎದ್ದಿರುತ್ತದೆ, ಆ ಅಲೆಗಳ ಮೇಲೆ ಓತಿಕ್ಯಾತ ಓಡಿದ ಪುಟ್ಟ ಹೆಜ್ಜೆಸಾಲು. ಆಂಧ್ರದ ರಾಯದುರ್ಗದ ಸೀಮೆಗೆ ಸೇರಿದ ಬೊಮ್ಮನಹಾಳ್, ಕಣೇಕಲ್ ಮಂಡಲಗಳ ಈ ದಂಡೆಯಲ್ಲಿ ರೈತರು ಟ್ರ್ಯಾಕ್ಟರ್ ಹೂಡಿ ಮರಳು ಸರಿಸಿ ಬಿತ್ತುತ್ತಾರೆ; ಮುಂದಿನ ಗಾಳಿಗೆ ಅದೇ ಮರಳು ಮತ್ತೆ ಹೊಲಕ್ಕೆ ಬಂದು ಬೀಳುತ್ತದೆ. ತುಸು ದೂರದಲ್ಲೇ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ನೀರು ಹರಿಯುವ ಭತ್ತದ ಬಯಲು. ಹಸಿರೂ ಮರಳೂ ಇಷ್ಟು ಹತ್ತಿರ ಇರುವುದನ್ನು ನೋಡಿದವರಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಮರುಭೂಮಿಯ ದೃಶ್ಯ ಬೇಕಾದ ಸಿನಿಮಾದವರು ಈ ದಿಬ್ಬಗಳನ್ನು ಹುಡುಕಿಕೊಂಡು ಬಂದದ್ದುಂಟು. ಪತ್ರಕರ್ತ ಪಿ. ಸಾಯಿನಾಥ್ 2019ರಲ್ಲಿ ಈ ಊರಿನ ಬಗ್ಗೆ ಬರೆದಾಗ ಸಿನಿಮಾದ ಮರುಭೂಮಿಯಿಂದಲೇ ಮಾತು ತೆಗೆದು, ನಿಜದ ಮರುಭೂಮಿ ಹೇಗೆ ಹರಡುತ್ತಿದೆ ಎಂಬಲ್ಲಿಗೆ ಓದುಗರನ್ನು ಕರೆದೊಯ್ದರು. ಕ್ಯಾಮೆರಾಕ್ಕೆ ಚೆಂದ ಕಂಡ ದಿಬ್ಬದ ಅಡಿಯಲ್ಲಿ ಯಾರದೋ ಹೊಲ ಇದೆ. ಮಣ್ಣು, ನೀರು, ಬೀಜದ ಪರವಾಗಿ ಚಿತ್ರ ಬರೆಯುವವರು, ವಿಡಿಯೊ ತೆಗೆಯುವವರು, ಗೋಡೆಬರಹ ಬರೆಯುವವರು, ಬೊಂಬೆ ಕುಣಿಸುವವರು ಇಲ್ಲಿಗೆ ಬಂದರೆ ಮೊದಲು ಅರಿಯಬೇಕಾದ್ದು ಆ ಹೊಲವನ್ನು.

ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಮುಂಗಾರು ಪಶ್ಚಿಮಘಟ್ಟದ ಆಚೆಗೇ ಬಹುಪಾಲು ಸುರಿದು ಬರುತ್ತದೆ. ಹಿಂಗಾರು ಕರಾವಳಿಯಿಂದ ಇಲ್ಲಿಗೆ ತಲುಪುವಷ್ಟರಲ್ಲಿ ಸೊರಗಿರುತ್ತದೆ. ಹಿಂದೆ ಇಲ್ಲಿನವರು ಈ ಮಳೆಯ ಗುಣ ತಿಳಿದೇ ಬಿತ್ತುತ್ತಿದ್ದರು. ಸಜ್ಜೆ, ನವಣೆ, ಸಾಮೆ, ಹಾರಕ, ಜೋಳ, ನಡುನಡುವೆ ತೊಗರಿ, ಅಲಸಂದೆ, ಹುಚ್ಚೆಳ್ಳಿನ ಅಕ್ಕಡಿ ಸಾಲು. ಒಂದು ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತಿತ್ತು. ಆಮೇಲೆ ಶೇಂಗಾ ಬಂತು. ಕೈಗೆ ಕಾಸು ತಂದ ಬೆಳೆ ಅದು, ತಪ್ಪೆನ್ನಲಾಗದು. ಆದರೆ 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಶುರುವಾಗುವ ಹೊತ್ತಿಗೆ ಜಿಲ್ಲೆಯ ಮಳೆಯಾಶ್ರಿತ ಭೂಮಿ ಒಂದೇ ಬೆಳೆಯ ಕಡೆ ವಾಲಿತ್ತು, ಮುಂದೆ ಬಹುಮಟ್ಟಿಗೆ ಅದರ ಪಾಲಾಯಿತು. ವರ್ಷದ ಬಹುಕಾಲ ಬೋಳಾಗಿ ಬಿದ್ದಿರುವ ನೆಲ, ಕಡಿದು ಮುಗಿದ ಮರ, ಒಂದರ ಪಕ್ಕ ಇನ್ನೊಂದು ಕೊರೆದ ಬೋರು. ಗಾಳಿಗೆ ಇನ್ನೇನು ಬೇಕು?

ಪ್ರಚಾರ ಈ ಹಳ್ಳಿಗಳಿಗೆ ಹೊಸದಲ್ಲ. ಊರ ಮುಂದಿನ ಮೊದಲ ಗೋಡೆ ಸದಾ ಯಾರದೋ ಪಾಲಾಗಿರುತ್ತದೆ: ಸಿಮೆಂಟು, ಪಂಪ್‌ಸೆಟ್ಟು, ಬೀಜದ ಕಂಪನಿ, ಬೋರ್‌ವೆಲ್ ಲಾರಿಯವರ ನಂಬರು. ಹೈಬ್ರಿಡ್ ಬೀಜವೂ ಯೂರಿಯಾವೂ ಇದೇ ಗೋಡೆಗಳ ಮೇಲೆ, ರೇಡಿಯೋದಲ್ಲಿ, ಸಿನಿಮಾ ಟೆಂಟಿನ ಸ್ಲೈಡಿನಲ್ಲಿ ಮನೆಮಾತಾದವು. ಜನರ ಮನಸ್ಸು ತಿರುಗಿಸುವ ಕಲೆಗೆ ಎಷ್ಟು ಬಲ ಇದೆ ಎಂಬುದಕ್ಕೆ ಇಲ್ಲಿನ ಹೊಲಗಳೇ ಸಾಕ್ಷಿ. ಆ ಬಲವನ್ನೇ ಮಣ್ಣಿನ ಕಡೆಗೆ ತಿರುಗಿಸುವುದು ಇಂದಿನ ಕೆಲಸ.

ಆ ಕೆಲಸ ಹೇಗಿರಬೇಕು ಎಂಬುದಕ್ಕೆ ಮಾದರಿಗಳು ಹತ್ತಿರದಲ್ಲೇ ಇವೆ. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಗಡಿ ಸರಿದು ಆಂಧ್ರಕ್ಕೆ ಸೇರಿದರೂ ಸಂತೆ, ಬೀಗತನ ಯಾವುದೂ ಕಡಿಯಲಿಲ್ಲ. ದುರ್ಗದ ಬೆಟ್ಟದ ಕೆಳಗಿನ ಗಲ್ಲಿಗಳಲ್ಲಿ ಇಂದು ಜೀನ್ಸ್ ಹೊಲಿಯುವ ಯಂತ್ರಗಳ ಸದ್ದು. ಅದೇ ಬಳ್ಳಾರಿಯ ಬೆಳಗಲ್ಲು ವೀರಣ್ಣ ತೊಗಲುಗೊಂಬೆಯ ಪರದೆಯ ಮೇಲೆ ರಾಮ, ಹನುಮಂತರ ಜೊತೆಗೆ ಗಾಂಧೀಜಿಯನ್ನೂ ತಂದರು. ‘ಬಾಪು’ ಆಟ ಕಂಡವರಿಗೆ ಗೊತ್ತು, ಕೋಲು ಹಿಡಿದು ನಡೆಯುವ ಆ ತೊಗಲಿನ ಆಕೃತಿಗೆ ಎಂಥ ಜೀವ ಇತ್ತೆಂದು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತ ಅವರನ್ನು ನಮ್ಮಿಂದ ಕಿತ್ತುಕೊಂಡಿತು. ಇತ್ತ ಧರ್ಮಾವರದ ಹತ್ತಿರದ ನಿಮ್ಮಲಕುಂಟೆಯಲ್ಲಿ ಬೊಂಬೆ ಮಾಡುವ ಮನೆತನಗಳಿವೆ. ಅಲ್ಲಿಯ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು.

ಬೊಂಬೆ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಆಡಿನ ತೊಗಲನ್ನು ಹದ ಮಾಡಿ, ಕೂದಲು ಕೆರೆದು, ಬಿಗಿಯಾಗಿ ಎಳೆದು ಒಣಗಿಸಿದಾಗ ಅದು ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಅದರ ಮೇಲೆ ರೇಖೆ ಎಳೆದು, ಸಣ್ಣ ಉಳಿಯನ್ನು ಊರಿ ಮೇಲೆ ಒಂದೊಂದೇ ಏಟು ಹಾಕಿ ತೂತು ಬಿಡಿಸುತ್ತಾರೆ: ಕಿರೀಟಕ್ಕೆ ಕಾಳಿನಷ್ಟು ದುಂಡನೆಯವು, ಸೀರೆಯ ಅಂಚಿಗೆ ಎಳ್ಳಿನಷ್ಟು ಸಣ್ಣವು. ಕೆಂಪು, ಹಸಿರು, ಕಪ್ಪು ಬಣ್ಣ ಎರಡೂ ಬದಿಗೆ. ದೀಪದ ಮುಂದೆ ಹಿಡಿದಾಗ ಆ ತೂತುಗಳೆಲ್ಲ ಒಡವೆಯಾಗಿ ಹೊಳೆಯುತ್ತವೆ. ಈಗ ಇದೇ ಕೈಗಳು ಪೇಟೆಗೆ ದೀಪದ ಮುಚ್ಚಳಗಳನ್ನೂ ಮಾಡುತ್ತವೆ, ಹೊಟ್ಟೆ ನಡೆಯಬೇಕಲ್ಲ. ನವಣೆಯ ಕಥೆಯನ್ನೂ ಹಗರಿಯ ಕಥೆಯನ್ನೂ ಹೇಳಿಸುವುದಕ್ಕೆ ಇದಕ್ಕಿಂತ ಪಳಗಿದ ಕೈ ಎಲ್ಲಿ ಸಿಕ್ಕೀತು? ಅವರಿಗೆ ಸಲ್ಲಬೇಕಾದ ಸಂಬಳ ಕೊಟ್ಟು, ಕಥೆಯಲ್ಲಿ ಪಾಲು ಕೊಟ್ಟು ಕೇಳಬೇಕು, ಅಷ್ಟೆ.

ಇನ್ನೊಂದು ಮಾದರಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಮೈಕ್ರೋಸಾಫ್ಟ್ ಸಂಶೋಧನಾಲಯದೊಳಗೆ 2006ರಲ್ಲಿ ಶುರುವಾದ ಡಿಜಿಟಲ್ ಗ್ರೀನ್ ಯೋಜನೆ ಬೀಜ ಸಂರಕ್ಷಣೆಯ ಗ್ರೀನ್ ಫೌಂಡೇಷನ್ ಜೊತೆ ಸೇರಿ ಕರ್ನಾಟಕದ ಹಳ್ಳಿಗಳ ರೈತರ ನಡುವೆ ಒಂದು ಪ್ರಯೋಗ ನಡೆಸಿತು. ಊರಿನ ರೈತರೇ ತಮ್ಮ ಹೊಲದಲ್ಲಿ ಮಾಡಿದ್ದನ್ನು ತಾವೇ ಹೇಳುವ ಸಣ್ಣ ವಿಡಿಯೊ. ಅದನ್ನು ಊರವರಲ್ಲೇ ಒಬ್ಬರು ತೋರಿಸುತ್ತಾರೆ, ನಡುನಡುವೆ ನಿಲ್ಲಿಸಿ ಕೇಳುತ್ತಾರೆ, ಯಾರು ಯಾವುದನ್ನು ಮಾಡಿದರು ಎಂದು ಬರೆದಿಡುತ್ತಾರೆ. ಬರಿಯ ತರಬೇತಿ-ಭೇಟಿಯ ಹಳೆಯ ಪದ್ಧತಿಗೆ ಹೋಲಿಸಿದರೆ ಖರ್ಚು ಮಾಡಿದ ಹಣಕ್ಕೆ ಸುಮಾರು ಹತ್ತುಪಟ್ಟು ಫಲ ಸಿಕ್ಕಿತೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಮುಂದೆ ಆಂಧ್ರ ಸರ್ಕಾರದ ನೈಸರ್ಗಿಕ ಕೃಷಿ ಕಾರ್ಯಕ್ರಮವೂ ಈ ದಾರಿ ಹಿಡಿಯಿತು.

ಇಂಥ ಪ್ರದರ್ಶನಕ್ಕೆ ದೊಡ್ಡ ಸಿದ್ಧತೆ ಬೇಕಿಲ್ಲ. ಸಂಜೆ ದನ ಕಟ್ಟಿ, ಹಾಲು ಕರೆದು, ಡ್ವಾಕ್ರಾ ಸ್ವಸಹಾಯ ಗುಂಪಿನ ಹೆಂಗಸರು ಒಬ್ಬರ ಅಂಗಳದಲ್ಲಿ ಸೇರುತ್ತಾರೆ. ಸುಣ್ಣದ ಗೋಡೆಯೇ ಪರದೆ. ಅಂಗೈಯಗಲದ ಪ್ರೊಜೆಕ್ಟರು, ಬ್ಯಾಟರಿಯಿಂದ ನಡೆಯುವಂಥದು. ಗೋಡೆಯ ಮೇಲೆ ಒಬ್ಬ ರೈತ ಮೂಡಿದೊಡನೆ ಮೊದಲ ಪ್ರಶ್ನೆ ಗೊಬ್ಬರದ ಬಗ್ಗೆ ಬರುವುದಿಲ್ಲ. “ಆ ಅಣ್ಣ ಯಾವೂರೋನಕ್ಕ? ಹೆಸರೇನು?” ಎಂದೇ ಬರುತ್ತದೆ. ಈ ಕೆಲಸ ಕಟ್ಟಿದವರು ಊರೂರಲ್ಲಿ ಕಂಡದ್ದು ಇದೇ. ಪಕ್ಕದ ಊರಿನವನೆಂದರೆ ಎಲ್ಲರೂ ಮುಂದಕ್ಕೆ ಸರಿದು ಕೂರುತ್ತಾರೆ. ಅವನ ಮಣ್ಣು ತಮ್ಮ ಮಣ್ಣು, ಅವನ ಸಾಲ ತಮ್ಮ ಸಾಲ. ಅವನ ಕೈಲಾದದ್ದು ತಮ್ಮ ಕೈಲೂ ಆದೀತು.

ಹಾಗೆ ಕಲಿತದ್ದರಲ್ಲಿ ಒಂದು ಮಳೆಗೆ ಮುಂಚಿನ ಒಣ ಬಿತ್ತನೆ. ರೋಹಿಣಿಗಿಂತ ಮೊದಲೇ, ಬೇಸಿಗೆಯ ಬಿಸಿಲಲ್ಲೇ ನವಧಾನ್ಯ ಬಿತ್ತುವುದು. ಬಿದಿರು ತಟ್ಟೆಯಲ್ಲಿ ಸಜ್ಜೆ, ಹುರುಳಿ, ಅಲಸಂದೆ, ಎಳ್ಳು, ಕೊತ್ತಂಬರಿ, ಸೊಪ್ಪಿನ ಬೀಜ ಎಲ್ಲ ಹರಡಿ, ಸೆಗಣಿ-ಗಂಜಲದ ಬೀಜಾಮೃತ ಚಿಮುಕಿಸಿ, ನುಣ್ಣನೆಯ ಜೇಡಿಪುಡಿ ಉದುರಿಸಿ ತಟ್ಟೆಯನ್ನು ದುಂಡಗೆ ತಿರುಗಿಸುತ್ತಾರೆ. ಮೇಲೆ ಘನಜೀವಾಮೃತದ ಪುಡಿ, ಮತ್ತೆ ಚಿಮುಕು, ಕೊನೆಗೆ ಬೂದಿ. ತಟ್ಟೆ ತಿರುಗಿದಷ್ಟೂ ಕಾಳು ಅಂಗಿ ತೊಟ್ಟುಕೊಂಡು ಸಣ್ಣ ಉಂಡೆಯಾಗುತ್ತದೆ. ಇರುವೆ ಹೊರುವುದು, ಹಕ್ಕಿ ಹೆಕ್ಕುವುದು ಕಡಿಮೆ. ಹದ ಸಿಕ್ಕುವವರೆಗೆ ಕಾಳು ಕೆಡದೆ ಕಾಯುತ್ತದೆ. ಮೇಲೆ ಶೇಂಗಾ ಸಿಪ್ಪೆಯನ್ನೋ ಹುಲ್ಲನ್ನೋ ಹೊದಿಸಿದರೆ ಒಂದೆರಡು ಹನಿಗೂ ಮೊಳೆಯುತ್ತದೆ. ಆಷಾಢದ ಗಾಳಿ ಬರುವಾಗ ನೆಲ ಬೋಳಾಗಿರುವುದಿಲ್ಲ. ಹೊನ್ನೂರಿನ ದಂಡೆಯಲ್ಲಿ ನಿಂತವರಿಗೆ ಈ ಒಂದು ಮಾತಿನ ತೂಕ ತಿಳಿಯುತ್ತದೆ.

ಪೇಟೆಯ ಗಿರಾಕಿಗೆ ಸತ್ಯ ಹೇಳುವ ಕೆಲಸ ಈ ಮಣ್ಣಿನ ಮಾತಿನ ಇನ್ನೊಂದು ತುದಿ. ಚೆನ್ನೇಕೊತ್ತಪಲ್ಲಿಯ ಬಳಿ 1990ರಲ್ಲಿ 32 ಎಕರೆ ಬೀಳು ನೆಲದಲ್ಲಿ ಶುರುವಾದ ಟಿಂಬಕ್ಟು ಕಲೆಕ್ಟಿವ್ ಇದನ್ನು ಮಾಡುತ್ತಿದೆ. ಬಬ್ಲು ಗಂಗೂಲಿ, ಮೇರಿ ವಟ್ಟಮಟ್ಟಂ ಮತ್ತು ಅವರ ಗೆಳೆಯರು ಊರವರನ್ನು ಸೇರಿಸಿ ಕಲ್ಪವಲ್ಲಿಯ ಗುಡ್ಡಗಳಲ್ಲಿ ಸಾವಿರಾರು ಎಕರೆ ಕಾಡನ್ನು ಮರಳಿ ಚಿಗುರಿಸಿದರು. ರೈತರದೇ ಸಹಕಾರಿಯಾದ ‘ಧರಣಿ’ ಸಿರಿಧಾನ್ಯ, ಶೇಂಗಾ, ಬೇಳೆಗಳನ್ನು ಕೊಂಡು, ಹಸನು ಮಾಡಿ, ಪೊಟ್ಟಣ ಕಟ್ಟಿ ಮಾರುತ್ತದೆ. ಇದು ಸಾವಯವವೆಂದು ಸಾರಲು ಅಲ್ಲಿ ನೆರೆಹೊಲದ ರೈತರೇ ಒಬ್ಬರ ಹೊಲವನ್ನು ಒಬ್ಬರು ನೋಡಿ ಖಾತ್ರಿ ಕೊಡುತ್ತಾರೆ. ಪೊಟ್ಟಣದ ಮೇಲಿನ ಚಿತ್ರ ಎಷ್ಟು ಸೊಗಸಾಗಿದ್ದರೂ ಅದರ ಹಿಂದೆ ಈ ಸಾಕ್ಷಿ ಇಲ್ಲದಿದ್ದರೆ ಅದು ಬಣ್ಣ ಮಾತ್ರ. 2019ರಲ್ಲಿ ಕೃಷಿ-ಪರಿಸರ ಸಾಧನೆಗೆ ಅಂತಾರಾಷ್ಟ್ರೀಯ ಮನ್ನಣೆ ಬಂದದ್ದೂ ಈ ಸಾಚಾತನಕ್ಕೇ.

ಕಲ್ಪವಲ್ಲಿ ಇನ್ನೊಂದು ಪಾಠವನ್ನೂ ಕಲಿಸಿತು. ಊರವರು ಬೆಳೆಸಿದ ಆ ಗುಡ್ಡಗಳ ನೆತ್ತಿಗೇ ಗಾಳಿ ವಿದ್ಯುತ್ತಿನ ಕಂಬಗಳು ಬಂದವು. ಅವುಗಳಿಗಾಗಿ ಅಗಲ ರಸ್ತೆ ಕೊರೆದಾಗ ಹುಲ್ಲುಗಾವಲು ಸೀಳಿತು, ನೀರಿನ ಜಾಡು ಕೆಟ್ಟಿತು. ಗಾಳಿಯ ಕರೆಂಟೂ ಹಸಿರು, ಊರವರ ಕಾಡೂ ಹಸಿರು. ಜಾಹೀರಾತಿನಲ್ಲಿ ಎರಡಕ್ಕೂ ಒಂದೇ ಪದ ಸಾಕಾಗುತ್ತದೆ. ಗುಡ್ಡದ ಮೇಲೆ ಸಾಕಾಗುವುದಿಲ್ಲ. ಹಸಿರಿನ ಹೆಸರಲ್ಲಿ ಯಾರಿಗೆ ಕುಂಚ ಕೊಡುತ್ತೇನೆ ಎಂದು ಕಲಾವಿದ ಕೇಳಿಕೊಳ್ಳಬೇಕಾದ ಜಾಗ ಇದೇ. ಸಂಬಳ ಕೊಡುವವರ ಮಾತನ್ನು ಚೆಂದ ಮಾಡಿ ಕೊಡುವುದು ಒಂದು ಕಸುಬು. ಕುರಿ ಕಾಯುವವನಿಗೆ ದಾರಿ ತಪ್ಪಿದ್ದನ್ನೂ ಅಷ್ಟೇ ಚೆಂದವಾಗಿ, ಅಷ್ಟೇ ಗಟ್ಟಿಯಾಗಿ ಹೇಳಬಲ್ಲವನ ಕಸುಬಿಗೆ ನಾನು ಕೈಮುಗಿಯುತ್ತೇನೆ.

ಅಲ್ಲಿಂದ ಮಡಕಶಿರದ ಕಡೆ ಬಂದರೆ ಮಾತಿನ ಬನಿಯೇ ಬೇರೆ. ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರಗಳ ಮನೆಯೊಳಗೆ, ಹೊಲದಲ್ಲಿ, ಅರಳಿಕಟ್ಟೆಯಲ್ಲಿ ಕನ್ನಡ. ಕಚೇರಿ ಮೆಟ್ಟಿಲು ಹತ್ತಿದರೆ ತೆಲುಗು. 2022ರ ಏಪ್ರಿಲ್ 4ರಂದು ಮಡಕಶಿರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಹೀಗೆ ಗಡಿಗನ್ನಡಿಗರ ಎರಡು ಸೀಮೆಗಳು ಈಗ ಎರಡು ಜಿಲ್ಲೆಗಳಲ್ಲಿವೆ. ಎರಡೂ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಮಕ್ಕಳು ಗೋಡೆಯ ಮೇಲಿನ ಕನ್ನಡವನ್ನು ಜೋರಾಗಿ ಓದುತ್ತಾ ಹೋಗುತ್ತಾರೆ. ಅಮರಾಪುರದ ಹತ್ತಿರದ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿ ಹೆಂಜೇರು. ಸಿದ್ಧೇಶ್ವರನ ಗುಡಿಯ ಸುತ್ತ ನುಣುಪಾದ ಕಪ್ಪು ಕಲ್ಲಿನ ಕಂಬಗಳು, ಬಿಡಿ ಶಿಲ್ಪಗಳು, ಕನ್ನಡ ಶಾಸನಗಳು. ಊರಿಗೆ ಬೇಕಾದ ಮಾತನ್ನು ಊರಿನ ನುಡಿಯಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಕಡೆ ಬರೆಸಬೇಕೆಂಬ ತಿಳಿವಳಿಕೆ ಈ ನೆಲಕ್ಕೆ ಸಾವಿರ ವರ್ಷಕ್ಕೂ ಹಿಂದೆಯೇ ಇತ್ತು.

ಹಾಗಿರುವಾಗ ಮಣ್ಣಿನ ಮಾತು ಇಲ್ಲಿಗೆ ಬರಿ ತೆಲುಗಿನ ಕರಪತ್ರವಾಗಿ ಬಂದರೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಇಲ್ಲಿಯವರಿಗೆ ತೆಲುಗು ಅರ್ಥವಾಗುತ್ತದೆ, ನಿಜ. ಆದರೆ ಸಾಲ, ಬೆಳೆ, ಬಾವಿ ಬತ್ತಿದ ಸಂಕಟವನ್ನು ಗಂಡ ಹೆಂಡತಿ ರಾತ್ರಿ ಕೂತು ಆಡಿಕೊಳ್ಳುವುದು ಕನ್ನಡದಲ್ಲಿ. ಬೀಜದ ತೀರ್ಮಾನ ಆಗುವುದೂ ಆ ಹೊತ್ತಿನಲ್ಲೇ. ಪುತ್ತೂರಿನಲ್ಲಿ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಶ್ರೀ ಪಡ್ರೆಯವರ ನೀರಿನ ಬರಹಗಳು ಊರೂರಲ್ಲಿ ಇಂಗುಗುಂಡಿ ತೋಡಿಸಿದವು. ಅಂಥದೊಂದು ಕೆಲಸ ಅಗಳಿಯ ಕನ್ನಡದಲ್ಲಿ, ಬೊಮ್ಮನಹಾಳಿನ ಕನ್ನಡದಲ್ಲಿ ನಡೆಯಬೇಕು. ಗೋಡೆಯ ಮೇಲೆ ಮೂಡುವ ರೈತ ರೊಳ್ಳದವನಾಗಿರಲಿ, ಅವನ ಹೆಂಡತಿಯೂ ಮಾತಾಡಲಿ, ಇಬ್ಬರೂ ತಮ್ಮ ಮಾತಿನಲ್ಲೇ ಮಾತಾಡಲಿ.

ಬೆಂಗಳೂರಿನ ಸ್ಟುಡಿಯೋಗಳಲ್ಲಿ ಕೂತ ಜಾಣ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಇಂಥ ಊರುಗಳಿಂದಲೇ ಹೋದವರು. ಸೋಪು, ಆ್ಯಪುಗಳ ಜಾಹೀರಾತಿನ ಜೊತೆಗೆ ಊರಿಗೆ ಉಪಕಾರವಾಗುವ ಕೆಲಸ ಮಾಡಬೇಕೆಂಬ ಹಂಬಲ ಅವರಲ್ಲಿದೆ. ಅವರಿಗೆ ನನ್ನ ಬೇಡಿಕೆ ಇಷ್ಟು. ಪೋಸ್ಟರ್ ಬರೆಯುವ ಮುನ್ನ ಒಂದು ಹಂಗಾಮು ಇಲ್ಲಿ ಇರಿ: ಬಿತ್ತನೆಯಿಂದ ಕಣದವರೆಗೆ. ನಿಮ್ಮ ಕ್ಯಾಮೆರಾ ಹಿಡಿಯುವುದನ್ನು ಊರಿನ ಇಬ್ಬರು ಹೆಣ್ಣುಮಕ್ಕಳಿಗೆ ಕಲಿಸಿ, ಹೋಗುವಾಗ ಕ್ಯಾಮೆರಾ ಅವರ ಬಳಿ ಬಿಟ್ಟು ಹೋಗಿ. ಬೊಂಬೆಯವರನ್ನು ಕರೆದರೆ ಅವರ ಹೆಸರನ್ನು ನಿಮ್ಮ ಹೆಸರಿಗಿಂತ ಮೊದಲು ಹಾಕಿ. ಗೋಡೆಬರಹವನ್ನು ಶಾಲೆಯ ಮಕ್ಕಳ ಕೈಲೇ ಬರೆಸಿ. ಕೆಲಸ ಗೆದ್ದಿತೋ ಸೋತಿತೋ ಎಂದು ಎಷ್ಟು ಜನ ನೋಡಿದರೆಂಬ ಲೆಕ್ಕದಿಂದ ಅಳೆಯಬೇಡಿ. ಮುಂದಿನ ರೋಹಿಣಿಯ ಹೊತ್ತಿಗೆ ಎಷ್ಟು ಹೊಲಗಳಲ್ಲಿ ಅಕ್ಕಡಿ ಸಾಲು ಮರಳಿ ಬಂತು, ಎಷ್ಟು ಮನೆಯ ಹಗೇವಿಗೆ ನವಣೆ ಇಳಿಯಿತು ಎಂದು ಊರಲ್ಲೇ ಕೇಳಿ ತಿಳಿಯಿರಿ. ಆ ಲೆಕ್ಕವನ್ನು ಅವರೇ ಕೊಡುತ್ತಾರೆ, ಸರಿಯಾಗಿಯೇ ಕೊಡುತ್ತಾರೆ.