ಜಾಲಿ ಕಿತ್ತು ಹಳ್ಳ ಬಿಡಿಸಿದವರು

ಬಳ್ಳಾರಿ ಜಾಲಿ ಕಡಿದರೆ ಸಾಯುವ ಗಿಡವಲ್ಲ. ಬೊಡ್ಡೆ ಉಳಿಯಿತೋ, ಒಂದಿದ್ದದ್ದು ನಾಲ್ಕಾಗಿ ಚಿಗಿಯುತ್ತದೆ. ಅದರ ಸಿಹಿ ಕಾಯಿ ಆಡು-ದನಗಳಿಗೆ ಇಷ್ಟ. ಬೀಜ ಮಾತ್ರ ಅರಗದೆ ಹಿಕ್ಕೆ, ಸಗಣಿಯೊಳಗೆ ಸೇರಿ ಅವು ಮೇಯ್ದಲ್ಲೆಲ್ಲ ಬಿತ್ತನೆಯಾಗುತ್ತದೆ. ಮುಳ್ಳಂತೂ ಚಪ್ಪಲಿ ತೂರಿ ಅಂಗಾಲಿಗೆ ನಾಟುವಂಥದ್ದು. ತುಂಗಭದ್ರೆ ಸೇರುವ ಹಿರೇಹಳ್ಳ ಕೊಪ್ಪಳದ ಆಸುಪಾಸಿನಲ್ಲಿ ಈ ಜಾಲಿ, ಹೂಳು, ಕಸಗಳಡಿ ಹೂತುಹೋಗಿತ್ತು.

2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಳ್ಳಕ್ಕಿಳಿದರು. ಜನರ ಬಾಯಲ್ಲಿ ಅವರು ‘ಅಜ್ಜಾರು’. ಅಜ್ಜಾರೇ ಕೆಸರಿಗೆ ಕಾಲಿಟ್ಟ ಮೇಲೆ ದಂಡೆಯ ಮೇಲೆ ನಿಂತು ನೋಡುವುದು ಯಾರಿಗೆ ಚೆಂದ? ಯಂತ್ರಗಳು ಬಂದವು, ದಾನಿಗಳು ಕೈಜೋಡಿಸಿದರು, ಹಳ್ಳಿಗರು ಬಂದರು. ಜಾಲಿಯನ್ನು ಬೇರುಸಹಿತ ಕಿತ್ತು, ಹೂಳೆತ್ತಿ, 20 ಕಿ.ಮೀ.ಗೂ ಮಿಕ್ಕಿ ಹಳ್ಳ ಬಿಡಿಸಿದರು. ಕುಷ್ಟಗಿಯ ನಿಡಶೇಸಿ ಕೆರೆಗೂ ಹೀಗೇ ಜನ ಕೂಡಿದರು.

ಇಷ್ಟು ಜನ ಒಮ್ಮೆಲೇ ಎಲ್ಲಿಂದ ಬಂದರು ಎಂದು ಹೊರಗಿನವರು ಬೆರಗಾಗುತ್ತಾರೆ. ಗವಿಮಠದ ಜಾತ್ರೆ ನೋಡಿದವರಿಗೆ ಬೆರಗಿಲ್ಲ. ಮಹಾದಾಸೋಹಕ್ಕೆ ಊರೂರಿನ ಹೆಣ್ಣುಮಕ್ಕಳು ಬಡಿದ ಜೋಳದ ರೊಟ್ಟಿ ಟ್ರ್ಯಾಕ್ಟರ್‌ಗಟ್ಟಲೆ ಬರುತ್ತದೆ. ಯಾವ ಮನೆ ಎಷ್ಟು ಕೊಟ್ಟಿತೆಂದು ಕೇಳುವವರಿಲ್ಲ. ನನ್ನ ಮಟ್ಟಿಗೆ ಹಳ್ಳ ಬಿಡಿಸಿದ್ದು ಇದೇ ರೊಟ್ಟಿಯ ರೂಢಿ.

ಆದರೆ ಹಳ್ಳದ ಕಸದಂತೆ ಕಾರ್ಖಾನೆಯ ಹೊಗೆಯನ್ನು ಸಲಿಕೆಯಿಂದ ಎತ್ತಿ ಹಾಕಲಾಗದು. ಊರಂಚಿನಲ್ಲೇ ಬಲ್ದೋಟ ಸಮೂಹದ ಬಿಎಸ್‌ಪಿಎಲ್ 54,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆಗೆ ಮುಂದಾಯಿತು. ಇದ್ದ ಕಾರ್ಖಾನೆಗಳ ಕಪ್ಪು ಧೂಳಿನಿಂದಲೇ ಬೇಸತ್ತಿದ್ದ ಕೊಪ್ಪಳ 2025ರ ಫೆಬ್ರುವರಿ 24ರಂದು ಬಂದ್ ಆಯಿತು. ಅಜ್ಜಾರೇ ಮುಂದೆ ನಿಂತಿದ್ದರು. ಮಾರ್ಚ್‌ನಲ್ಲಿ ಸರ್ವಪಕ್ಷ ನಿಯೋಗ ಭೇಟಿಯಾದಾಗ ಮುಖ್ಯಮಂತ್ರಿ ಕಾಮಗಾರಿ ನಿಲ್ಲಿಸಲು ಸೂಚಿಸಿದರು. ಬಾಯಿಮಾತು ಸಾಲದೆಂದು ಹೋರಾಟಗಾರರು ಮತ್ತೆ ಧರಣಿ ಕೂತರು. ಉದ್ಯೋಗ ಬೇಡವೆಂದು ಯಾರೂ ಅನ್ನುತ್ತಿಲ್ಲ. ಅದು ಊರಿನ ಉಸಿರಿಗೆ ಅಡ್ಡವಾಗಿಯೇ ಬರಬೇಕೆ ಎಂಬುದಷ್ಟೇ ತಕರಾರು.

ಮತ್ತೆ ಹಳ್ಳದ ಮಾತಿಗೆ ಮರಳಿ ಇತ್ತ ಯಲಬುರ್ಗಾ ತಾಲ್ಲೂಕಿನ ಬೇವೂರಿನ ಕಡೆ ಬಂದರೆ, ಮಳೆಯನ್ನೇ ನಂಬಿದ ಸೀಮೆ. ವರ್ಷಕ್ಕೆ 600 ಮಿ.ಮೀ. ಬಿದ್ದರೆ ಅದೇ ಪುಣ್ಯ. ಈ ಸೀಮೆಯ ಸಣ್ಣಪುಟ್ಟ ಹಳ್ಳಗಳಿಗೂ ಜಾಲಿಯ ಕಾಟ ತಪ್ಪಿದ್ದಲ್ಲ. ಆದರೆ ಅವುಗಳ ಹೆಸರು ಪತ್ರಿಕೆಗೆ ಬರುವುದಿಲ್ಲ, ಪ್ರತಿ ಹಳ್ಳಕ್ಕೂ ಒಬ್ಬ ಅಜ್ಜಾರು ಸಿಗುವುದೂ ಇಲ್ಲ. ಜಾತ್ರೆಗೆ ರೊಟ್ಟಿ ಕಳಿಸುವ ಊರುಗಳು ಮುಂಗಾರಿಗೆ ಮುಂಚೆ ತಮ್ಮೂರ ಹಳ್ಳಕ್ಕೂ ನಾಲ್ಕು ದಿನ ಕೊಟ್ಟಾವು ಎಂಬ ಆಸೆ ನನಗಿನ್ನೂ ಇದೆ.