ನಿಮಗಿದು ಗೊತ್ತೇ? ತೇವ ತಾಳದ ಪರದೆ

ಒಎಲ್ಇಡಿ ಪರದೆಯಲ್ಲಿ ಬೆಳಗುವುದು ಇಂಗಾಲದ ಸಂಯುಕ್ತಗಳ ತೆಳು ಪದರ. ಕೊಡ್ಯಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 1987ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಇದಕ್ಕೂ ನೀರಿನಾವಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಆವಿ ಒಳಹೊಕ್ಕರೆ ಋಣಾಗ್ರದ ಲೋಹ ಕೆಟ್ಟು, ಕೆಳಗಿನ ಪದರದಿಂದ ಬಿಟ್ಟುಕೊಳ್ಳುತ್ತದೆ. ಅಲ್ಲೊಂದು ಕಪ್ಪು ಚುಕ್ಕೆ. ಬರಬರುತ್ತಾ ಅದು ದೊಡ್ಡದಾಗುತ್ತದೆ.

ಹಾಗಾದರೆ ಪರದೆಯನ್ನು ಮುಚ್ಚುವ ರಕ್ಷಾ ಹಾಳೆಯ ಮೂಲಕ ಎಷ್ಟು ಆವಿ ನುಸುಳಬಹುದು? ಒಂದು ಚದರ ಮೀಟರಿಗೆ ದಿನಕ್ಕೆ ಗ್ರಾಂನ 10 ಲಕ್ಷದಲ್ಲಿ ಒಂದು ಪಾಲು! ಈ ಲೆಕ್ಕದಲ್ಲಿ ಒಂದು ಗ್ರಾಂ ನೀರು ದಾಟಲು 2,700 ವರ್ಷಕ್ಕೂ ಹೆಚ್ಚು ಬೇಕು. ಬುದ್ಧನ ಕಾಲದಲ್ಲಿ ಶುರುವಾಗಿದ್ದರೆ ಇನ್ನೂ ಮುಗಿದಿರುತ್ತಿರಲಿಲ್ಲ. ಚಿಪ್ಸ್ ಪೊಟ್ಟಣದ ಒಳಗಿನ ಬೆಳ್ಳಿ ಹೊಳಪಿನ ಲೇಪ ಚಿಪ್ಸನ್ನು ಗರಿಗರಿಯಾಗಿಡಲು ಸಾಕು, ಇಲ್ಲಿ ಏನೇನೂ ಸಾಲದು.

ಇಷ್ಟು ಅತ್ಯಲ್ಪವನ್ನು ಅಳೆಯುವುದು ಹೇಗೆ? ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯುವ ಕ್ಯಾಲ್ಸಿಯಂ ಲೋಹವನ್ನು ತೆಳುವಾಗಿ ಕೂರಿಸಿ, ಪರೀಕ್ಷಿಸಬೇಕಾದ ಹಾಳೆಯಿಂದ ಮುಚ್ಚುತ್ತಾರೆ. ನುಸುಳಿ ಬಂದ ನೀರು ಆ ಲೋಹವನ್ನು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗಿಸುತ್ತದೆ. ನಮ್ಮ ವೀಳ್ಯದೆಲೆಗೆ ಸವರುವ ಸುಣ್ಣವೇ ಅದು! ಹೊಳಪು ಹೋಗಿ ಪದರ ಪಾರದರ್ಶಕವಾಗುತ್ತದೆ, ವಿದ್ಯುತ್ ಹರಿಯುವುದೂ ಕುಗ್ಗುತ್ತದೆ. ಎಷ್ಟು ಕುಗ್ಗಿತೆಂದು ನೋಡಿದರೆ ಎಷ್ಟು ನೀರು ಬಂತೆಂದು ಗೊತ್ತಾಯಿತು. ಈ ವಿದ್ಯೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಈ ಸುಣ್ಣದ ಲೆಕ್ಕವೇ.

ಆವಿ ತಡೆಯಲು ಹಾಳೆಯ ಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ಒಂದೇ ಪದರ ಬಳಿದರೆ ಆಗದೇ? ಆಗದು. ಕಣ್ಣಿಗೆ ಕಾಣದ ತೂತುಗಳು ಉಳಿದೇ ಉಳಿಯುತ್ತವೆ, ದಪ್ಪ ಮಾಡಿದರೆ ಬಿರುಕು ಬಿಡುತ್ತದೆ. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಬೆಳೆದ ಉಪಾಯ ಹೀಗಿದೆ: ಆಕ್ಸೈಡ್, ಅದರ ಮೇಲೆ ಪಾಲಿಮರ್, ಮತ್ತೆ ಆಕ್ಸೈಡ್. ಒಂದು ಪದರದ ತೂತಿಗೆ ಇನ್ನೊಂದರ ತೂತು ನೇರವಾಗಿ ಸಿಗುವುದು ಅಪರೂಪ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹೊಕ್ಕವರಂತೆ ಆವಿ ಸುತ್ತಿ ಬಳಸಿಯೇ ಹೋಗಬೇಕು.

ತೂತು ತಪ್ಪಿಸಲು ಇನ್ನೊಂದು ದಾರಿಯೂ ಇದೆ. ಫಿನ್ಲೆಂಡಿನ ತುವೊಮೊ ಸುಂಟೋಲ 1974ರಲ್ಲಿ ರೂಪಿಸಿದ ವಿಧಾನದಲ್ಲಿ ಲೇಪ ಒಂದೊಂದು ಸುತ್ತಿನ ಕೆಲಸಕ್ಕೆ ಬೆಳೆಯುವುದು ಸುಮಾರು 0.1 ನ್ಯಾನೋಮೀಟರ್. ತೂತು ಬಹಳ ಕಡಿಮೆ, ಆದರೆ ಕೆಲಸ ಆಮೆಗತಿಯದು. 2018ರಲ್ಲಿ ಅವರಿಗೆ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಬಂತು.

ಹಾಳೆ ಎಷ್ಟೇ ಭದ್ರವಾಗಿರಲಿ, ಅಂಚಿನ ಅಂಟಿನ ಮೂಲಕ ತೇವ ಪಕ್ಕದಿಂದ ಒಳಗೆ ಬರುತ್ತದೆ. ಅದಕ್ಕೇ ಆ ಅಂಟಿನೊಳಗೇ ತೇವ ಹೀರುವ ಪುಡಿ ಬೆರೆಸುವುದುಂಟು.